ಮೋಟರ್‌ಹೋಮ್ ಅಟ್ಟದಲ್ಲಿ ತೇವ: ನೀರು ಎಲ್ಲಿಂದ ಬರ್ತಿದೆ?

ಸಾಗರದವಳು, ಸಿಯಾಟಲ್:
ನಮಸ್ಕಾರ. ಹೋದ ಬೇಸಿಗೆಯಲ್ಲಿ 2008ರ ಹಳೇ ಕ್ಲಾಸ್ ಸಿ ಮೋಟರ್‌ಹೋಮ್ (ಡ್ರೈವರ್ ಸೀಟಿನ ಮೇಲೆ ಅಟ್ಟ ಇರೋ, ಒಳಗೇ ವಾಸ ಮಾಡೋ ಗಾಡಿ) ತಗೊಂಡ್ವಿ. ಡ್ರೈವರ್ ಸೀಟಿನ ಮೇಲಿನ ಅಟ್ಟದಲ್ಲಿ ಮಕ್ಕಳು ಮಲಗ್ತಾರೆ. ನವೆಂಬರ್ ಮಳೆ ಹಿಡಿದ ಮೇಲೆ ಹಾಸಿಗೆ ಎತ್ತಿ ನೋಡಿದ್ರೆ ಎಡಮೂಲೆಯ ಪ್ಲೈವುಡ್ ಕಪ್ಪಾಗಿದೆ, ಬೆರಳಿಟ್ಟರೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಕುಸಿಯುತ್ತೆ. ಮೇಲೆ ಹತ್ತಿ ನೋಡಿದೆ, ಛಾವಣಿಯ ರಬ್ಬರ್ ಎಲ್ಲೂ ಹರಿದಿಲ್ಲ. ರಿಪೇರಿಯವರು ಸಿಲಿಕೋನ್ ಬಳಿದು ಕೊಟ್ಟರು, ಎರಡು ವಾರಕ್ಕೆ ಮತ್ತೆ ತೇವ. ಮಗಳಿಗೆ ಆಸ್ತಮಾ ಇದೆ, ಬೂಷ್ಟಿನ ವಾಸನೆ ಬಂದ್ರೆ ಸಾಕು ನನಗೆ ಜೀವ ಬಾಯಿಗೆ ಬರುತ್ತೆ. ಎಲ್ಲಿಂದ ಹುಡುಕಲಿ?

ಪೋರ್ಟ್‌ಲ್ಯಾಂಡ್ ಮಲೆನಾಡಿಗ:
ಅಕ್ಕ, ಛಾವಣಿ ಆಮೇಲೆ. ಮೊದಲು ಗಾಡಿಯ ಹಣೆ ನೋಡಿ. ಅಲ್ಲಿ ಸಾಲಾಗಿ ಐದು ಹಳದಿ ದೀಪ ಇರ್ತಾವೆ, ಒಂದೊಂದಕ್ಕೂ ಸ್ಕ್ರೂ ತೂತು, ವೈರಿನ ತೂತು. ಓಡುವಾಗ ಮಳೆ ನೇರ ಅಲ್ಲಿಗೇ ಹೊಡೆಯೋದು. ನಮ್ಮದರಲ್ಲಿ ನಡುವಿನ ದೀಪದಿಂದ ಇಳಿದ ನೀರು ನಾಲ್ಕಡಿ ಆಚೆ ಮೂಲೆಯಲ್ಲಿ ಕಂಡಿತ್ತು. ಊರಿನ ಹಂಚಿನ ಮನೆ ನೆನಪು ಮಾಡ್ಕೊಳ್ಳಿ: ಹಂಚು ಒಡೆದಿರೋದು ಒಂದು ಕಡೆ, ನೀರು ರೀಪು ಹಿಡಿದು ಹರಿದು ತೊಟ್ಟಿಕ್ಕೋದು ಇನ್ನೊಂದು ಕಡೆ.

ಒಳಗಿನ ಹಲಗೆ ಬಿಚ್ಚಿ, ಟಾರ್ಚ್ ಹಿಡಿದು ಒಬ್ಬರು ಕೂರಲಿ. ಹೊರಗಿನವರು ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ, ಕೆಳಗಿಂದ ಶುರು ಮಾಡಿ ಮೇಲಕ್ಕೆ, ಒಂದೊಂದು ಜಾಗಕ್ಕೆ ಹತ್ತು ನಿಮಿಷ. ಮೇಲಿಂದ ಶುರು ಮಾಡಿದ್ರೆ ಎಲ್ಲಾ ಒದ್ದೆಯಾಗಿ ಏನೂ ಗೊತ್ತಾಗಲ್ಲ. ಪ್ರೆಷರ್ ವಾಷರ್ ಬೇಡವೇ ಬೇಡ, ಮಳೆ ನೀರು ಹೋಗದ ಸಂದಿಗೂ ಅದು ನುಗ್ಗಿಸುತ್ತೆ.

ಸಿಕ್ಕಿದ ಮೇಲೆ ಹಳೇ ಸಿಲಿಕೋನ್ ಒಂದು ಚೂರೂ ಉಳಿಯದ ಹಾಗೆ ಕೆರೆದು ತೆಗೀರಿ. ಅದರ ಮೇಲೆ ಬೇರೆ ಯಾವ ಸೀಲಂಟೂ ಕೂರಲ್ಲ. ದೀಪದ ಹಿಂದೆ ಬ್ಯುಟೈಲ್ ಟೇಪ್ (ಅಂಟಂಟಾದ ರಬ್ಬರಿನಂಥ ಪಟ್ಟಿ) ಇಟ್ಟು ಬಿಗಿ ಮಾಡಿ. ಹೊರಗಿಂದ ಮೇಲೆ, ಎಡ, ಬಲ ಸೀಲ್ ಮಾಡಿ, ಕೆಳಗೆ ಬಿಡಿ. ಒಳಗೆ ಹೋದ ಹನಿಗೆ ಹೊರಬರೋ ದಾರಿ ಬೇಕು.

ಮರ ಒಣಗದೆ ಮಾತ್ರ ಮುಚ್ಚಬೇಡಿ. ಲಡ್ಡು ಹಿಡಿದದ್ದನ್ನ ಸ್ಕ್ರೂಡ್ರೈವರ್ ಚುಚ್ಚಿದ್ರೆ ಇಳಿಯದ ಜಾಗದವರೆಗೂ ಕತ್ತರಿಸಿ ತೆಗೀರಿ. ನಾನು ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರೋ ಯಂತ್ರ) ಇಟ್ಟು, ಮರದ ತೇವ ಅಳೆಯೋ ಮಾಯಿಶ್ಚರ್ ಮೀಟರ್ 15%ಕ್ಕಿಂತ ಕೆಳಗೆ ತೋರಿಸಿದ ಮೇಲೇ ಹಲಗೆ ಹೊಡೆದೆ. ಮೂರು ವಾರ ಹಿಡಿಯಿತು.

ಟಕೋಮಾ ಪಯಣಿಗ:
ಸಿಂಕ್ ಕೆಳಗೆ ತೇವ ಇರೋರಿಗೆ ಒಂದು ಮಾತು. ನಲ್ಲಿ ಎಲ್ಲಾ ಬಂದ್ ಮಾಡಿ ಗಾಡಿಯ ನೀರಿನ ಪಂಪ್ ಆನ್ ಇಡಿ. ಆಗಾಗ ಗುರ್ ಅಂತ ಓಡಿ ನಿಂತರೆ ಪೈಪಿನ ಜಾಯಿಂಟ್ ಸೋರ್ತಿದೆ ಅಂತ ಅನುಮಾನಿಸಿ. ಮತ್ತೆ, ಅಕ್ಕ, ನಿಮ್ಮ ಛಾವಣಿ ಇಪಿಡಿಎಂ (ಒಂದು ಬಗೆಯ ಕೃತಕ ರಬ್ಬರ್) ಆಗಿದ್ರೆ ಪೆಟ್ರೋಲ್, ಥಿನ್ನರ್ ಹಾಕಿ ಒರೆಸಬೇಡಿ, ಉಬ್ಬಿ ಹಾಳಾಗುತ್ತೆ.

ಸಾಗರದವಳು, ಸಿಯಾಟಲ್:
ಸಿಕ್ತು! ಶನಿವಾರ ಯಜಮಾನರು ಪೈಪ್ ಹಿಡಿದ್ರು, ನಾನು ಒಳಗೆ ಕೂತೆ. ಕಿಟಕಿ ಅಂಚಿಗೆ ಏನೂ ಇಲ್ಲ. ಎಡದಿಂದ ಎರಡನೇ ದೀಪಕ್ಕೆ ನೀರು ಬಿಟ್ಟು ಆರು ನಿಮಿಷಕ್ಕೆ ವೈರಿನ ಗುಂಟ ಒಂದು ಹನಿ ಇಳಿದು ಬಂತು. ಸ್ಕ್ರೂ ತೆಗೆದ್ರೆ ತುಕ್ಕು ಹಿಡಿದು ಅದರ ಸುರುಳಿ ಗೀರೇ ಉಳಿದಿಲ್ಲ. ಮರ ಇವತ್ತಿಗೂ 24% ತೋರಿಸ್ತಿದೆ, ಒಣಗೋವರೆಗೆ ಮಕ್ಕಳನ್ನ ಅಲ್ಲಿ ಮಲಗಿಸಲ್ಲ.