ಕಕ್ಷೆಯಿಂದ ಫಿಲ್ಮ್ ಸುರುಳಿಯನ್ನು ಇಳಿಸುತ್ತಿದ್ದುದು ಹೇಗೆ?

ಪ್ರಶ್ನೆ:
ಅಮೆರಿಕದ ಕೊರೋನಾ ಎಂಬ ಬೇಹುಗಾರಿಕೆ ಉಪಗ್ರಹಗಳು ಚಿತ್ರಗಳನ್ನು ರೇಡಿಯೊ ಮೂಲಕ ಕಳುಹಿಸದೆ, ಫಿಲ್ಮ್ ಸುರುಳಿಯನ್ನೇ ಭೂಮಿಗೆ ಇಳಿಸುತ್ತಿದ್ದವು ಎಂದು ಓದಿದೆ. ಅಷ್ಟು ಕಷ್ಟದ ದಾರಿ ಹಿಡಿದದ್ದೇಕೆ? ಬೀಳುವ ಪೆಟ್ಟಿಗೆಯನ್ನು ವಿಮಾನ ಆಕಾಶದಲ್ಲೇ ಹಿಡಿಯುತ್ತಿತ್ತು ಎಂಬುದು ನಿಜವೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ನಿಜ. ಕ್ಷಿಪಣಿ ನೆಲೆಯನ್ನು ಗುರುತಿಸುವಷ್ಟು ಸೂಕ್ಷ್ಮ ವಿವರವನ್ನು ಸೆರೆಹಿಡಿದು ಕಳುಹಿಸುವ ಶಕ್ತಿ ಆ ಕಾಲದ ಟಿವಿ ಕ್ಯಾಮೆರಾಗಾಗಲಿ ರೇಡಿಯೊಗಾಗಲಿ ಇರಲಿಲ್ಲ, ಫಿಲ್ಮಿಗೆ ಇತ್ತು. ವಿಜ್ಞಾನದ ಉಪಗ್ರಹವೆಂದು ನಂಬಿಸಲು ಇಟ್ಟ 'ಡಿಸ್ಕವರರ್' ಎಂಬ ಹೆಸರಿನಲ್ಲಿ 1959ರಿಂದ ನಡೆದ ಮೊದಲ ಹನ್ನೆರಡು ಪ್ರಯತ್ನಗಳಲ್ಲಿ ಒಂದೂ ಕೈಗೂಡಲಿಲ್ಲ. ಹದಿಮೂರನೆಯದರ ಪೆಟ್ಟಿಗೆಯನ್ನು ಸಮುದ್ರದಿಂದ ಎತ್ತಿದರಾದರೂ ಅದರಲ್ಲಿ ಫಿಲ್ಮ್ ಇರಲಿಲ್ಲ, ಅಮೆರಿಕದ ಧ್ವಜವಿತ್ತು. 1960ರ ಆಗಸ್ಟ್ 19ರಂದು ಡಿಸ್ಕವರರ್ 14ರ ಪೆಟ್ಟಿಗೆ ಹವಾಯಿ ಸಮೀಪ ಪ್ಯಾರಾಚೂಟಿನಲ್ಲಿ ತೂಗುತ್ತಾ ಇಳಿಯುತ್ತಿದ್ದಾಗ, ಕ್ಯಾಪ್ಟನ್ ಹೆರಾಲ್ಡ್ ಮಿಚೆಲ್ ನಡೆಸುತ್ತಿದ್ದ ಸಿ-119 ವಿಮಾನ ಎರಡು ಸಲ ತಪ್ಪಿ, ಮೂರನೆಯ ಸಲ ಸುಮಾರು 8,500 ಅಡಿ ಎತ್ತರದಲ್ಲಿ, ಹಿಂದೆ ಇಳಿಬಿಟ್ಟಿದ್ದ ಕೊಕ್ಕೆಗೆ ಪ್ಯಾರಾಚೂಟನ್ನು ಸಿಕ್ಕಿಸಿಕೊಂಡಿತು. ಆ ಒಂಬತ್ತು ಕಿಲೋ ಫಿಲ್ಮಿನಲ್ಲಿ ಕಂಡ ಸೋವಿಯತ್ ನೆಲ, ಅದುವರೆಗಿನ ಎಲ್ಲ ಯು-2 ಬೇಹುಗಾರಿಕೆ ವಿಮಾನಗಳು ಒಟ್ಟಾಗಿ ತೋರಿಸಿದ್ದಕ್ಕಿಂತ ಹೆಚ್ಚು. ಅದೇ ವರ್ಷದ ಮೇ 1ರಂದು ಸೋವಿಯತ್ತರು ಯು-2 ಒಂದನ್ನು ಹೊಡೆದುರುಳಿಸಿ, ಆ ದಾರಿಯೇ ಮುಚ್ಚಿಹೋಗಿತ್ತು ಎಂಬುದನ್ನು ನೆನೆದರೆ ಈ ಸುರುಳಿಯ ಬೆಲೆ ತಿಳಿಯುತ್ತದೆ.

ಉತ್ತರ 2:
ಹಿಡಿಯುವ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಮಾತ್ರ ಫಿಲ್ಮಿನ ಕಥೆಯೇ ದೊಡ್ಡದೆನಿಸುತ್ತದೆ. ಮೊದಮೊದಲು ಬಳಸಿದ ಅಸಿಟೇಟ್ ಫಿಲ್ಮ್ ನಿರ್ವಾತದಲ್ಲಿ ಪೆಡಸಾಗಿ ಕ್ಯಾಮೆರಾದೊಳಗೇ ತುಂಡಾಗುತ್ತಿತ್ತು. ಕೊಡಕ್ ಕಂಪನಿ ಪಾಲಿಯೆಸ್ಟರ್ ಫಿಲ್ಮ್ ತಯಾರಿಸಿಕೊಟ್ಟ ಮೇಲೆ ಆ ತೊಂದರೆ ನೀಗಿತು. ಆದರೆ ರೋಲರುಗಳ ಮೇಲೆ ಫಿಲ್ಮ್ ಸರಿಯುವಾಗ ಹುಟ್ಟುವ ಸ್ಥಿರವಿದ್ಯುತ್ತಿನ ಕಿಡಿಗಳು ಚಿತ್ರದ ಮೇಲೆ ಮಂಜಿನಂಥ ಗುರುತು ಬಿಡುವ ಕಾಟ ಮುಂದೆಯೂ ಕಾಡಿತು. ಇನ್ನೊಂದು ವಿಷಯ: ವಿಮಾನಕ್ಕೆ ಸಿಗದೆ ಪೆಟ್ಟಿಗೆ ನೀರಿಗೆ ಬಿದ್ದರೆ ಸ್ವಲ್ಪ ಕಾಲ ತೇಲುತ್ತಿತ್ತು; ಅದರ ತಳದಲ್ಲಿ ಉಪ್ಪಿನ ಬಿರಡೆಯಿದ್ದು, ಎರಡು ದಿನಗಳಲ್ಲಿ ಅದು ಕರಗಿ ನೀರು ಒಳನುಗ್ಗಿ, ಬೇರೆಯವರ ಕೈಗೆ ಸಿಗುವ ಮೊದಲೇ ಪೆಟ್ಟಿಗೆ ಮುಳುಗುತ್ತಿತ್ತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸೋವಿಯತ್ತರು ಸಹ ಹೀಗೆಯೇ ಆಕಾಶದಲ್ಲಿ ಹಿಡಿಯುತ್ತಿದ್ದರೇ?

ಉತ್ತರ 3:
ಇಲ್ಲ. ಅವರ ಝೆನಿತ್ ಉಪಗ್ರಹ ಗಗಾರಿನ್ ಹಾರಿದ ವೊಸ್ತೋಕ್ ನೌಕೆಯ ಮಾದರಿಯದು. ಫಿಲ್ಮಿನ ಜೊತೆಗೆ ಕ್ಯಾಮೆರಾಗಳನ್ನೂ ಹೊತ್ತ ಇಡೀ ಗೋಳ ಪ್ಯಾರಾಚೂಟಿನಲ್ಲಿ ತಮ್ಮದೇ ನೆಲಕ್ಕೆ ಇಳಿಯುತ್ತಿತ್ತು. 1962ರ ಏಪ್ರಿಲ್‌ನಲ್ಲಿ ಹಾರಿದ ಕಾಸ್ಮೋಸ್ 4 ಹೀಗೆ ಮೊದಲು ಯಶಸ್ವಿಯಾಗಿ ಮರಳಿತು. ಭಾರ ಹೆಚ್ಚಾದರೂ, ಅಷ್ಟು ವಿಶಾಲವಾದ ಸ್ವಂತ ನೆಲವಿದ್ದವರಿಗೆ ಸಮುದ್ರದ ಮೇಲೆ ವಿಮಾನಗಳನ್ನು ಕಾಯಿಸುವ ಅಗತ್ಯವೇ ಬೀಳಲಿಲ್ಲ.