ಅಪ್‌ಡೇಟ್: ಕಾರ್ಡಿನಿಂದ ತೆರಿಗೆ ಕಟ್ಟಿದಾಗಿನ ಶುಲ್ಕ

ಅಮೆರಿಕದ ಆದಾಯ ತೆರಿಗೆಯನ್ನು ಕ್ರೆಡಿಟ್ ಕಾರ್ಡಿನಿಂದ ಕಟ್ಟುವಾಗ ತಗಲುವ ಶುಲ್ಕವನ್ನು ಆದಾಯದಿಂದ ಕಳೆಯಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನನ್ನ ತೆರಿಗೆ ಸಲಹೆಗಾರರು ವಿಷಯವನ್ನು ಸ್ಪಷ್ಟಪಡಿಸಿದ್ದಾರೆ. ವೈಯಕ್ತಿಕ ತೆರಿಗೆಯ ಮೇಲಿನ ಈ ಶುಲ್ಕವನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ 2009ರಲ್ಲಿ ಇತರೆ ಕಡಿತಗಳ ಸಾಲಿಗೆ ಸೇರಿಸಿತ್ತಾದರೂ, ಅಂಥ ಕಡಿತಗಳೆಲ್ಲ ಕೂಡಿ ಹೊಂದಾಣಿಕೆ ಮಾಡಿದ ಒಟ್ಟು ಆದಾಯದ (ಕೆಲವು ನಿರ್ದಿಷ್ಟ ಕಡಿತಗಳನ್ನು ಕಳೆದ ನಂತರದ ಆದಾಯ) ಶೇ. 2ನ್ನು ಮೀರಿದಷ್ಟಕ್ಕೆ ಮಾತ್ರ ಪ್ರಯೋಜನ ಸಿಗುತ್ತಿತ್ತು. 2018ರಿಂದ ಆ ಅವಕಾಶವೂ ಅಮಾನತಿನಲ್ಲಿದ್ದು, 2025ರ ಕಾನೂನು ಅದನ್ನು ಶಾಶ್ವತವಾಗಿ ತೆಗೆದುಹಾಕಿತು. ವ್ಯಾಪಾರದ ತೆರಿಗೆಯ ಮಾತು ಬೇರೆ. ನೌಕರರ ವೇತನಕ್ಕೆ ಸಂಬಂಧಿಸಿದ ತೆರಿಗೆಯನ್ನು ಕಾರ್ಡಿನಿಂದ ಕಟ್ಟಿದರೆ, ಅದರ ಶುಲ್ಕವನ್ನು ವ್ಯಾಪಾರದ ಖರ್ಚೆಂದು ತೋರಿಸಬಹುದು. ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ತೆರಿಗೆ ಒಂದು ಸಾಲಿನಲ್ಲಿಯೂ ಶುಲ್ಕ ಇನ್ನೊಂದು ಸಾಲಿನಲ್ಲಿಯೂ ಬಂದಿರುವುದರಿಂದ (ಇದು ನಿಜಕ್ಕೂ ಉಪಕಾರವಾಯಿತು) ಲೆಕ್ಕ ಬೇರ್ಪಡಿಸುವುದು ಕಷ್ಟವಾಗಲಿಲ್ಲ. ವೈಯಕ್ತಿಕ ತೆರಿಗೆಯನ್ನು ಇನ್ನು ಮುಂದೆ ಶುಲ್ಕವಿಲ್ಲದೆ ಬ್ಯಾಂಕ್ ಖಾತೆಯಿಂದಲೇ ಕಟ್ಟಲು ತೀರ್ಮಾನಿಸಿದ್ದೇನೆ.