ಮದುವೆಗೆ ಮುಂಚೆ ಫೇಕ್ ಟ್ಯಾನ್ ಹಚ್ಚಬಹುದಾ? ಅರಿಶಿನ ಶಾಸ್ತ್ರವೂ ಇದೆ

ವಸುಧಾ, ಬ್ರಿಸ್ಬೇನ್:
ಮುಂದಿನ ತಿಂಗಳು ಮೈಸೂರಿನಲ್ಲಿ ನನ್ನ ಮಗನ ಮದುವೆ. ಹುಡುಗಿ ಇಲ್ಲಿ ಆಸ್ಟ್ರೇಲಿಯಾದವಳು, ತುಂಬಾ ಬಿಳಿ ಮೈ. ಫೋಟೋದಲ್ಲಿ ಸ್ವಲ್ಪ ಕಂದು ಕಾಣಬೇಕು ಅಂತ ಟ್ಯಾನಿಂಗ್ ಲೋಷನ್ ತಂದಿಟ್ಟಿದ್ದಾಳೆ. ಅದು ಅವಳಿಷ್ಟ, ನನ್ನ ತಕರಾರಿಲ್ಲ. ನನ್ನ ಚಿಂತೆ ಎರಡು. ಈ ಲೋಷನ್ ಚರ್ಮಕ್ಕೆ ಕೆಟ್ಟದ್ದಾ? ಅರಿಶಿನ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದರೆ ಬಣ್ಣ ಏನಾಗುತ್ತದೆ?

ಕಿರಣ್, ಗೋಲ್ಡ್ ಕೋಸ್ಟ್:
ಬಾಟಲಿ ಕೆಮಿಕಲ್ ಯಾಕೆ ಆಂಟಿ? ದಿನಾ ಅರ್ಧ ಗಂಟೆ ಬೀಚಿನಲ್ಲಿ ಮಲಗಲಿ. ಬಣ್ಣ ತಾನಾಗಿಯೇ ಬರುತ್ತದೆ, ವಿಟಮಿನ್ ಡಿ ಕೂಡ ಸಿಗುತ್ತದೆ. ಮೈ ಒಮ್ಮೆ ಟ್ಯಾನ್ ಆದರೆ ಆಮೇಲೆ ಬಿಸಿಲಿಗೆ ಸುಡುವುದೂ ಇಲ್ಲ.

ಶೈಲಜಾ, ನರ್ಸ್:
ದಯವಿಟ್ಟು ಈ ಮಾತು ಕೇಳಬೇಡಿ ವಸುಧಾ ಅಕ್ಕ. ಲೋಷನ್‌ನಲ್ಲಿರುವುದು ಡೈಹೈಡ್ರಾಕ್ಸಿ ಅಸಿಟೋನ್, ಚಿಕ್ಕದಾಗಿ ಡಿಎಚ್ಎ. ಅದೊಂದು ಬಗೆಯ ಸಕ್ಕರೆ. ಚರ್ಮದ ತೀರಾ ಮೇಲಿನ ಸತ್ತ ಪದರದ ಅಮೈನೋ ಆಮ್ಲದ ಜೊತೆ ಸೇರಿ ಕಂದಾಗುತ್ತದೆ. ಕಾವಲಿ ಮೇಲೆ ದೋಸೆ ಕೆಂಪಗಾಗುತ್ತದಲ್ಲ, ಅದೇ ಜಾತಿಯ ಕ್ರಿಯೆ. ಗೋರಂಟಿ ಬಣ್ಣ ನಿಲ್ಲುವುದೂ ಇದೇ ಪದರದಲ್ಲಿ. ಪದರ ಉದುರಿದ ಹಾಗೆ ಒಂದು ವಾರದಲ್ಲಿ ಬಣ್ಣವೂ ಹೋಗುತ್ತದೆ.

ಬಿಸಿಲಿನ ಟ್ಯಾನ್ ಹಾಗಲ್ಲ. ನೇರಳಾತೀತ ಕಿರಣ ಒಳಗಿನ ಜೀವಂತ ಕೋಶಗಳ ಡಿಎನ್‌ಎಗೆ ಪೆಟ್ಟು ಕೊಟ್ಟ ಮೇಲೆ, ತಡೆಯಲು ಮೈ ಮೆಲನಿನ್ ಎಂಬ ಬಣ್ಣದ ವಸ್ತು ಮಾಡುತ್ತದೆ. ಅಂದರೆ ಬಣ್ಣ ಬಂತು ಅಂದರೆ ಪೆಟ್ಟು ಬಿದ್ದಾಗಿದೆ. ಆ ಬಣ್ಣ ಕೊಡುವ ರಕ್ಷಣೆಯೂ, ಸನ್‌ಸ್ಕ್ರೀನ್ ಬಾಟಲಿ ಮೇಲಿನ ಅಳತೆಯಲ್ಲಿ, ಎಸ್‌ಪಿಎಫ್ 3-4ರಷ್ಟೇ. ಲೋಷನ್ ಬಣ್ಣವೂ ಬಿಸಿಲು ತಡೆಯುವುದಿಲ್ಲ, ಅದರ ಮೇಲೆ ಸನ್‌ಸ್ಕ್ರೀನ್ ಹಚ್ಚಲೇಬೇಕು. ಸ್ಪ್ರೇ ಮಾಡಿಸುವುದಾದರೆ ಕಣ್ಣು, ತುಟಿ, ಮೂಗು ಮುಚ್ಚಿಕೊಳ್ಳಲಿ. ಡಿಎಚ್ಎ ಇರುವುದು ಮೈಗೆ ಹಚ್ಚುವುದಕ್ಕೆ, ಉಸಿರಲ್ಲಿ ಎಳೆದುಕೊಳ್ಳುವುದಕ್ಕಲ್ಲ.

ಮಂಜುನಾಥ್, ಮೆಲ್ಬರ್ನ್:
ನಾನು ಬಂದ ಹೊಸದರಲ್ಲಿ ಇಲ್ಲಿ ಸೋಲಾರಿಯಂ ಅಂಗಡಿಗಳಿದ್ದವು. ದುಡ್ಡು ಕೊಟ್ಟು ದೀಪದ ಪೆಟ್ಟಿಗೆಯಲ್ಲಿ ಮಲಗಿ ಟ್ಯಾನ್ ಆಗುವುದು. ಅಲ್ಲಿಗೆ ಹೋಗಿದ್ದ ಕ್ಲೇರ್ ಆಲಿವರ್ ಎಂಬ ಹುಡುಗಿಗೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಆಯಿತು. ಕೊನೆಯ ದಿನಗಳಲ್ಲೂ ಇದರ ವಿರುದ್ಧ ಮಾತಾಡಿದಳು. 2007ರಲ್ಲಿ ತೀರಿಕೊಂಡಾಗ ಅವಳಿಗೆ ಬರೀ 26 ವರ್ಷ. ಆಗ ಊರಿಗೆ ಊರೇ ಅವಳ ವಿಷಯ ಮಾತಾಡುತ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಯಂತ್ರಗಳನ್ನು ತಂಬಾಕು ಇರುವ ಪಟ್ಟಿಗೇ ಸೇರಿಸಿತು. 30 ವಯಸ್ಸಿನೊಳಗೆ ಶುರು ಮಾಡಿದವರಿಗೆ ಮೆಲನೋಮಾ ಅಪಾಯ 75% ಜಾಸ್ತಿ ಎಂದಿತು. 2015ರ ಹೊತ್ತಿಗೆ ಇಲ್ಲಿನ ಬಹುತೇಕ ರಾಜ್ಯಗಳಲ್ಲಿ ಅಂಗಡಿಗಳು ಬಂದ್.

ಕಿರಣ್, ಗೋಲ್ಡ್ ಕೋಸ್ಟ್:
ಯಂತ್ರದ ವಿಷಯ ಒಪ್ಪಿದೆ ಸರ್. ಆದರೆ ನಮ್ಮಂಥ ಕಂದು ಮೈಯವರೂ ಬಿಸಿಲಿಗೆ ಹೆದರಬೇಕಾ? ನಮ್ಮ ಅಜ್ಜ ಜೀವನವಿಡೀ ಗದ್ದೆಯಲ್ಲೇ ಇದ್ದರು, ಏನೂ ಆಗಲಿಲ್ಲ. ನನಗೆ ಇಲ್ಲಿ ವಿಟಮಿನ್ ಡಿ ಕಡಿಮೆ ಅಂತ ಡಾಕ್ಟರೇ ಹೇಳಿದ್ದಾರೆ.

ಶೈಲಜಾ, ನರ್ಸ್:
ಕಿರಣ್, ವಿಟಮಿನ್ ಡಿ ಮಾತು ಸರಿ. ನಮ್ಮ ಬಣ್ಣದವರಿಗೆ ಇಲ್ಲಿ ಕಡಿಮೆಯಾಗುವುದು ಮಾಮೂಲು, ನಾನೂ ಮಾತ್ರೆ ತಗೊಳ್ತೀನಿ. ನಮಗೆ ಚರ್ಮದ ಕ್ಯಾನ್ಸರ್ ಅಪಾಯ ಕಡಿಮೆ ಅನ್ನುವುದೂ ನಿಜ. ಆದರೆ ಇಲ್ಲವೇ ಇಲ್ಲ ಅಂತಲ್ಲ. ಕಪ್ಪು ಮೈಯವರಲ್ಲಿ ಅದು ಅಂಗಾಲಲ್ಲಿ, ಉಗುರಿನಡಿ ಬರುವುದುಂಟು. ಅದಕ್ಕೆ ಬಿಸಿಲು ಕಾರಣವಲ್ಲದಿದ್ದರೂ ತಡವಾಗಿ ಗೊತ್ತಾಗುತ್ತದೆ. ಹಾಡುಗಾರ ಬಾಬ್ ಮಾರ್ಲಿಗೆ ಬಂದದ್ದು ಕಾಲ್ಬೆರಳ ಉಗುರಿನಡಿ, 36ಕ್ಕೇ ಹೋದರು. ಅದಿರಲಿ, ಇಲ್ಲಿ ಕೇಳಿರುವುದು ಬಿಳಿ ಮೈಯ ಹುಡುಗಿಯ ಬಗ್ಗೆ. ಬ್ರಿಸ್ಬೇನ್ ಬೇಸಿಗೆಯಲ್ಲಿ ಯುವಿ ಸೂಚ್ಯಂಕ, ಅಂದರೆ ನೇರಳಾತೀತ ಕಿರಣದ ಅಳತೆ, 11 ದಾಟುತ್ತದೆ. 3 ಆದರೇ ಮೈ ಮುಚ್ಚಿಕೊಳ್ಳಿ ಅನ್ನುತ್ತಾರೆ. ಅವಳನ್ನು ಬೀಚಿನಲ್ಲಿ ಮಲಗಿಸಬೇಡಿ.

ರಶ್ಮಿ:
ಇನ್ನೊಂದು ಮಾತು. ಟ್ಯಾನ್ ಆಗಲು ಮೂಗಿಗೆ ಬಿಡುವ ಸ್ಪ್ರೇ, ಇಂಜೆಕ್ಷನ್ ಅಂತ ಆನ್‌ಲೈನಿನಲ್ಲಿ ಮಾರುತ್ತಾರೆ. ಮೆಲನೋಟಾನ್ ಅಂತ ಹೆಸರು. ಅದಕ್ಕೆ ಒಪ್ಪಿಗೆ ಇಲ್ಲ, ಬಳಸಬೇಡಿ ಅಂತ ಇಲ್ಲಿನ ಔಷಧ ಇಲಾಖೆಯೇ ಎಚ್ಚರಿಸಿದೆ. ನನ್ನ ಜೊತೆ ಕೆಲಸ ಮಾಡುವವಳು ತಗೊಂಡು ಎರಡು ದಿನ ವಾಂತಿ ಮಾಡಿದಳು. ಮುಖದ ಮಚ್ಚೆಗಳೆಲ್ಲ ಕಪ್ಪಗಾದವು. ಅದರ ಹತ್ತಿರವೂ ಹೋಗಬೇಡಿ.

ಪದ್ಮಾ, ಮೈಸೂರು:
ಅರಿಶಿನದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಮದುಮಕ್ಕಳಿಗೆ ಅಲಂಕಾರ ಮಾಡುವವಳು. ಹೋದ ವರ್ಷ ಹೊರದೇಶದ ಹುಡುಗಿಯೊಬ್ಬಳು ಮೊದಲೇ ಟ್ಯಾನ್ ಹಚ್ಚಿಕೊಂಡು ಬಂದಿದ್ದಳು. ಎಣ್ಣೆ ಅರಿಶಿನ ಹಚ್ಚಿ ಕಡಲೆಹಿಟ್ಟು ಹಾಕಿ ಉಜ್ಜಿದರು. ಮೊಣಕೈ, ಪಾದದ ಗಂಟಿನ ಹತ್ತಿರ ತೇಪೆ ತೇಪೆಯಾಗಿ ಎದ್ದು ಬಂತು. ಪಾಪ, ಅತ್ತೇಬಿಟ್ಟಳು. ಹಾಗಾಗಿ ಅರಿಶಿನ ಶಾಸ್ತ್ರ ಮುಗಿದು, ಮೈಯ ಎಣ್ಣೆ ಪೂರ್ತಿ ಹೋದ ಮೇಲೆ ರಾತ್ರಿ ಲೋಷನ್ ಹಚ್ಚಲಿ. ಹಳೇ ನೈಟಿ ಹಾಕಿಕೊಂಡು ಮಲಗಲಿ. ಬೆಳಗ್ಗೆ ತೊಳೆಯದೆ ಧಾರೆ ಸೀರೆ ಉಡಿಸಬೇಡಿ, ಬಿಳಿ ಸೀರೆಗೆ ಕಲೆ ಹತ್ತುತ್ತದೆ. ಈಗಲೇ ಮುಂಗೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ, ತುರಿಕೆ ಬಂದರೆ ಬೇಡವೇ ಬೇಡ.

ವಸುಧಾ, ಬ್ರಿಸ್ಬೇನ್:
ಎಲ್ಲರಿಗೂ ಥ್ಯಾಂಕ್ಸ್. ಪದ್ಮಾ ಅವರೇ, ಅರಿಶಿನ ಶುಕ್ರವಾರ, ಧಾರೆ ಭಾನುವಾರ. ಶನಿವಾರ ರಾತ್ರಿ ಹಚ್ಚುವುದು ಅಂತಾಯಿತು. ಇವತ್ತು ಲೋಷನ್ ಮುಂಗೈಯ ಒಳಬದಿಗೆ ಹಚ್ಚುವಾಗ ಮಂಜುನಾಥ್ ಬರೆದದ್ದನ್ನು ಅವಳಿಗೆ ಹೇಳಿದೆ. ಸುಮ್ಮನಾದಳು. ಆಮೇಲೆ, ತಾನೂ ಹತ್ತೊಂಬತ್ತರ ವಯಸ್ಸಿನಲ್ಲಿ ಒಂದು ಚಳಿಗಾಲವಿಡೀ ಸೋಲಾರಿಯಂಗೆ ಹೋಗಿದ್ದೆ ಅಂದಳು. ಬೆನ್ನಿನಲ್ಲಿ ಒಂದು ಮಚ್ಚೆ ಇದೆ, ಅಂಚು ಸೊಟ್ಟ, ಒಂದು ಬದಿ ಹೆಚ್ಚು ಕಪ್ಪು. ಶೈಲಜಾ, ಇದಕ್ಕೆ ಮದುವೆ ಮುಗಿಯುವ ತನಕ ಕಾಯಬಹುದಾ?

ಶೈಲಜಾ, ನರ್ಸ್:
ಬೇಡ ಅಕ್ಕ. ವಿಮಾನ ಹತ್ತುವ ಮೊದಲೇ ತೋರಿಸಿ. ಡಾಕ್ಟರಿಗೆ ಸೋಲಾರಿಯಂ ವಿಷಯವನ್ನೂ ಹೇಳಲಿ. ಅಲ್ಲಿಯವರೆಗೆ ಬೆನ್ನಿಗೆ ಲೋಷನ್ ಹಚ್ಚಬೇಡಿ, ಮಚ್ಚೆಯ ನಿಜವಾದ ಬಣ್ಣ ಕಾಣಬೇಕು.

ವಸುಧಾ, ಬ್ರಿಸ್ಬೇನ್:
ಬುಧವಾರ ಬೆಳಗ್ಗೆ ಹತ್ತಕ್ಕೆ ಸಮಯ ಸಿಕ್ಕಿತು. ನಾನೂ ಜೊತೆಗೆ ಹೋಗುತ್ತಿದ್ದೇನೆ.